ಅಮ್ಮನಿಗೆ ಇದು ಯಾಕೆ ಬಂತು?

— ಸ್ಕ್ಯಾನ್ ಆಯ್ತು, ರಕ್ತಪರೀಕ್ಷೆ ಆಯ್ತು, ಚೀಟಿಯಲ್ಲಿ ಆಲ್ಝೈಮರ್ ಅಂತ ಬರೆದು ಕೊಟ್ಟದ್ದೂ ಆಯ್ತು. ಇದು ಅಮ್ಮನಿಗೆ ಯಾಕೆ ಬಂತು ಅಂತ ಕೇಳಿದ್ರೆ ಮಾತ್ರ ಯಾರೂ ಸರಿಯಾಗಿ ಹೇಳುದಿಲ್ಲ ಡಾಕ್ಟ್ರೇ. "ವಯಸ್ಸಾಯ್ತಲ್ಲ" ಅಂತಾರೆ. ನಮ್ಮ ಅಜ್ಜಿ ತೊಂಬತ್ತು ದಾಟಿ ಬದುಕಿದವರು. ಯಾರ ಮನೆಯ ದನ ಯಾವಾಗ ಕರು ಹಾಕಿತು ಅಂತ ಕೊನೆಯವರೆಗೂ ಹೇಳ್ತಿದ್ದರು. ಅಮ್ಮನಿಗೆ ಈಗ ಎಪ್ಪತ್ತಾರು ಅಷ್ಟೆ.

— ಅರ್ಧ ಉತ್ತರ ನಿಮ್ಮ ಅಜ್ಜಿಯಲ್ಲೇ ಉಂಟು. ಎಲ್ಲಕ್ಕಿಂತ ದೊಡ್ಡ ಅಪಾಯ ವಯಸ್ಸು, ಅದರಲ್ಲಿ ಸಂಶಯ ಇಲ್ಲ. ಅರವತ್ತೈದು ದಾಟಿದ ಮೇಲೆ ಹೆಚ್ಚುಕಡಿಮೆ ಐದು ವರ್ಷಕ್ಕೊಮ್ಮೆ ಈ ರೋಗದ ಸಾಧ್ಯತೆ ಇಮ್ಮಡಿಯಾಗ್ತಾ ಹೋಗುತ್ತದೆ. ಆದರೆ ವಯಸ್ಸೇ ರೋಗ ಅಲ್ಲ. ಅರವತ್ತಕ್ಕೆ ಅರಳು ಮರಳು ಅಂತ ಹೇಳಿ ಸುಮ್ಮನಾಗುವ ಅಭ್ಯಾಸದಿಂದ ಎಷ್ಟೋ ಮನೆಗಳಲ್ಲಿ ಕಾಯಿಲೆ ನಾಲ್ಕೈದು ವರ್ಷ ಯಾರ ಲೆಕ್ಕಕ್ಕೂ ಬರುವುದಿಲ್ಲ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಲೋಯಿಸ್ ಆಲ್ಝೈಮರ್ ನೋಡಿದ ಆಗುಸ್ಟೆ ಡೇಟರ್ ಎಂಬ ಹೆಂಗಸಿಗೆ ಆಗ ವಯಸ್ಸು ಐವತ್ತೊಂದು. ಐದು ವರ್ಷದ ಮೇಲೆ ಅವಳು ತೀರಿಕೊಂಡಾಗ ಅವನು ಅವಳ ಮಿದುಳಿನ ತೆಳು ಪದರಕ್ಕೆ ಬೆಳ್ಳಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ಅವನಿಗೆ ಕಂಡದ್ದು ಎರಡು ವಸ್ತು. ನರಕೋಶಗಳ ಹೊರಗೆ ಕಟ್ಟಿಕೊಂಡ ಗಡ್ಡೆಗಳು ಒಂದು, ಕೋಶಗಳ ಒಳಗೆ ಸಿಕ್ಕುಸಿಕ್ಕಾದ ನೂಲುಗಳು ಇನ್ನೊಂದು. ಗಡ್ಡೆಯಲ್ಲಿ ಇರುವುದು ಅಮಿಲಾಯ್ಡ್ ಬೀಟಾ ಅಂತ ಒಂದು ಪ್ರೋಟೀನು, ನೂಲಿನಲ್ಲಿ ಇರುವುದು ಟೌ ಅಂತ ಮತ್ತೊಂದು. ಇವತ್ತಿಗೂ ಈ ರೋಗದ ಗುರುತು ಅವೇ.

— ಅದು ಅಮ್ಮನ ತಲೆಯಲ್ಲಿ ಯಾವಾಗ ಸೇರಿಕೊಂಡಿತು? ಎರಡು ವರ್ಷ ಹಿಂದೆ ಗ್ಯಾಸ್ ಬಂದ್ ಮಾಡುದು ಮರೆತರಲ್ಲ, ಆಗಲಾ?

— ಅದಕ್ಕಿಂತ ಎಷ್ಟೋ ಮೊದಲು. ಮರೆವು ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆ ಅಮಿಲಾಯ್ಡ್ ಕೂಡಿಕೊಳ್ಳಲು ಶುರುವಾಗಿರುತ್ತದೆ. ಅಂದರೆ ನಿಮ್ಮ ಅಮ್ಮ ಐವತ್ತೈದು ಅರವತ್ತರ ಸುಮಾರಿನಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾಗ.

— ಆಗ ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಿದ್ದರು. ಬೆಳಿಗ್ಗೆ ಮನೆಗೆಲಸ ಮುಗಿಸಿ ಎಲೆ ಹೊಗೆಸೊಪ್ಪಿನ ತಡ್ಪೆ ಮಡಿಲಲ್ಲಿ ಇಟ್ಟುಕೊಂಡು ಕೂತರೆ ಸಂಜೆ ಬೀಡಿ ಬ್ರಾಂಚಿಗೆ ಕೊಡುವವರೆಗೆ ಬೆರಳು ನಿಲ್ಲುತ್ತಿರಲಿಲ್ಲ. ನಮ್ಮ ಶಾಲೆಯ ಫೀಸು, ಅಕ್ಕನ ಮದುವೆಯ ಚಿನ್ನ, ಎಲ್ಲ ಅದರಿಂದಲೇ. ಈಗಲೂ ಕಟ್ಟುತ್ತಾರೆ, ಗೊತ್ತುಂಟಾ? ಪೇಪರ್ ಹರಿದು ಎಲೆ ಕತ್ತರಿಸಿದ ಹಾಗೆ ಚೌಕ ಮಾಡುತ್ತಾರೆ. ಎಡಗೈಯಲ್ಲಿ ಹಿಡಿದು, ಹೊಗೆಸೊಪ್ಪು ಉದುರಿಸಿದ ಹಾಗೆ ಬಲಗೈಯ ಬೆರಳು ಆಡಿಸಿ, ಸುತ್ತಿ, ತುದಿ ಒಳಗೆ ಮಡಚಿ, ನೂಲು ಇಲ್ಲದಿದ್ದರೂ ನೂಲು ಸುತ್ತುತ್ತಾರೆ. ಇಪ್ಪತ್ತೈದು ಆದ ಕೂಡಲೇ ಬದಿಗೆ ಇಡುತ್ತಾರೆ. ನಾನು ಎಣಿಸಿ ನೋಡಿದ್ದೇನೆ, ಸರಿಯಾಗಿ ಇಪ್ಪತ್ತೈದೇ ಇರುತ್ತದೆ. ನನ್ನ ಹೆಸರು ಕೇಳಿದರೆ ಗೊತ್ತಿಲ್ಲ, ಬೀಡಿಯ ಲೆಕ್ಕ ಮಾತ್ರ ತಪ್ಪುದಿಲ್ಲ. ಇದು ಹೇಗೆ?

— ನಿನ್ನೆ ಏನಾಯಿತು, ಎದುರಿಗೆ ಇರುವವರು ಯಾರು ಎಂಬ ನೆನಪು ಮೊದಲು ದಾಖಲಾಗುವುದು ಕಿವಿಯ ನೇರಕ್ಕೆ ಮಿದುಳಿನ ಒಳಭಾಗದಲ್ಲಿರುವ ಹಿಪೋಕ್ಯಾಂಪಸ್ ಎಂಬಲ್ಲಿ. ಟೌ ಸಿಕ್ಕುಗಳು ಮೊದಲು ಹಿಡಿಯುವುದು ಅದನ್ನೂ ಅದರ ಪಕ್ಕದ ಜಾಗವನ್ನೂ. ಕೈ ಕಲಿತ ಕೆಲಸದ ನೆನಪು ಬೇರೆ ಕಡೆ ಇರುತ್ತದೆ, ಮಿದುಳಿನ ಆಳದ ಗಂಟುಗಳಲ್ಲಿ ಮತ್ತು ಹಿಂಭಾಗದ ಕಿರುಮಿದುಳಿನಲ್ಲಿ. ರೋಗ ಅಲ್ಲಿಗೆ ತಲುಪುವುದು ತೀರಾ ತಡವಾಗಿ. ಅವರು ಕಟ್ಟಲಿ. ಪೇಪರ್ ಕಸ ಆಯ್ತು ಅಂತ ಯಾರೂ ಕಿತ್ತುಕೊಳ್ಳಬೇಡಿ.

— ಅಕ್ಕ ಕಿತ್ತುಕೊಳ್ಳುದಿಲ್ಲ. ಹಳೇ ಪೇಪರ್ ಎಲ್ಲ ಅವಳೇ ಒಟ್ಟು ಮಾಡಿ ಇಡುತ್ತಾಳೆ. ಆದರೆ ಡಾಕ್ಟ್ರೇ, ಆ ಹೊಗೆಸೊಪ್ಪೇ ಕಾರಣ ಆಗಿರಬಹುದಾ? ನಲವತ್ತು ವರ್ಷ ಅದರ ಧೂಳು ಕುಡಿದಿದ್ದಾರೆ.

— ಸಿಗರೇಟು, ಬೀಡಿ ಸೇದುವುದು ಅಪಾಯ ಅಂತ ಗಟ್ಟಿಯಾಗಿ ಹೇಳಬಹುದು. ರಕ್ತನಾಳ ಹಾಳು ಮಾಡುತ್ತದೆ, ಮಿದುಳಿಗೂ ಅದೇ ರಕ್ತನಾಳ ತಾನೇ. ಕಟ್ಟುವವರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆದರೆ ಅಲ್ಲಿಂದ ಹಾರಿ ಈ ರೋಗಕ್ಕೆ ಹೋಗುವುದು ನ್ಯಾಯ ಅಲ್ಲ.

— ಅಲ್ಯೂಮಿನಿಯಂ ಪಾತ್ರೆ? ಅದರಲ್ಲಿ ಅನ್ನ ಮಾಡಿ ಹೀಗಾಯಿತು ಅಂತ ನೆರೆಮನೆಯವರು ಹೇಳ್ತಾರೆ. ಅಕ್ಕ ಎಲ್ಲ ಪಾತ್ರೆ ಗುಜರಿಗೆ ಹಾಕಿದಳು.

— 1960-70ರ ದಶಕದಲ್ಲಿ ವಿಜ್ಞಾನಿಗಳಲ್ಲೇ ಆ ಸಂಶಯ ಇತ್ತು. ಆಮೇಲಿನ ಸಂಶೋಧನೆ ಅದನ್ನು ಎತ್ತಿ ಹಿಡಿಯಲಿಲ್ಲ. ಪಾತ್ರೆಯ ವಿಷಯ ಬಿಟ್ಟುಬಿಡಿ.

— ಹಾಗಾದರೆ ಈ ಹೊಗೆ? ಇಲ್ಲಿ ನಿಂತರೆ ಒಂದು ಬದಿ ಕಡಲು, ಇನ್ನೊಂದು ಬದಿ ಚಿಮಣಿ. ಪಣಂಬೂರಿನಿಂದ ಬೈಕಂಪಾಡಿಯವರೆಗೆ ಕಾರ್ಖಾನೆ, ನಡುವಿನಲ್ಲಿ ಹೈವೇ, ಕಲ್ಲಿದ್ದಲು ಲಾರಿ. ಮಳೆಗಾಲ ಬಿಟ್ಟರೆ ಉಳಿದ ತಿಂಗಳಲ್ಲಿ ಕಿಟಕಿಯ ಸರಳು ಉಜ್ಜಿದರೆ ಬೆರಳು ಕಪ್ಪಾಗುತ್ತದೆ.

— ಇದನ್ನು ನಾನು ತಳ್ಳಿ ಹಾಕುವುದಿಲ್ಲ. ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳು, ಕೂದಲಿನ ಎಳೆಗಿಂತ ಇಪ್ಪತ್ತು ಮೂವತ್ತು ಪಾಲು ತೆಳುವಾದವು, ಶ್ವಾಸಕೋಶ ದಾಟಿ ರಕ್ತಕ್ಕೆ ಇಳಿಯುತ್ತವೆ. ಡಿಮೆನ್ಶಿಯಾದ, ಅಂದರೆ ಆಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳ, ಅಪಾಯಗಳ ಪಟ್ಟಿಗೆ ವಾಯುಮಾಲಿನ್ಯವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2020ರಲ್ಲಿ ಸೇರಿಸಿತು. ಆದರೆ ಒಂದು ವಿಷಯ ನೀವು ಗಮನ ಇಟ್ಟು ಕೇಳಬೇಕು. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕೆಟ್ಟ ಗಾಳಿ ಕುಡಿದವರಲ್ಲಿ ಈ ರೋಗ ಹೆಚ್ಚು ಅಂತ ಕಾಣುತ್ತದೆ. ಅದು ಅಪಾಯ. ಆ ಸಾವಿರದಲ್ಲಿ ನಿಮ್ಮ ಅಮ್ಮನಿಗೆ ಇದರಿಂದಲೇ ಬಂತು ಅಂತ ಬೆರಳು ಮಾಡಿ ತೋರಿಸಲು ಯಾವ ಪರೀಕ್ಷೆಯೂ ಇಲ್ಲ. ನೀವು ಹುಡುಕುತ್ತಿರುವುದು ಒಬ್ಬ ಅಪರಾಧಿಯನ್ನು. ಈ ರೋಗದಲ್ಲಿ ಹೆಚ್ಚಿನವರಿಗೆ ಅಂಥ ಒಬ್ಬ ಅಪರಾಧಿ ಸಿಗುವುದಿಲ್ಲ. ಹತ್ತಾರು ಸಣ್ಣ ಕಾರಣಗಳು ಹತ್ತಾರು ವರ್ಷ ಸೇರಿಕೊಂಡು ಕೆಲಸ ಮಾಡಿರುತ್ತವೆ.

— ಸಿಗುವುದೇ ಇಲ್ಲವಾ, ಯಾರಿಗೂ?

— ಕೆಲವರಿಗೆ ಸಿಗುತ್ತದೆ, ತುಂಬ ಕಡಿಮೆ. ನೂರು ರೋಗಿಗಳಲ್ಲಿ ಒಬ್ಬರಿಗಿಂತಲೂ ಕಡಿಮೆ. ಎಪಿಪಿ, ಪಿಎಸ್‌ಇಎನ್-1, ಪಿಎಸ್‌ಇಎನ್-2 ಅಂತ ಮೂರು ಜೀನುಗಳಿವೆ. ಅವುಗಳಲ್ಲಿ ದೋಷ ಇದ್ದರೆ ರೋಗ ಬಂದೇ ಬರುತ್ತದೆ ಅನ್ನಬಹುದು, ಅದೂ ಚಿಕ್ಕ ಪ್ರಾಯದಲ್ಲಿ. ಕೊಲಂಬಿಯಾದ ಆಂತಿಯೋಕಿಯಾ ಪ್ರಾಂತ್ಯದಲ್ಲಿ ದೊಡ್ಡದೊಂದು ಕುಟುಂಬ ಇದೆ, ಸಾವಿರಾರು ಜನರದ್ದು. ದೋಷ ಇರುವವರಿಗೆ ನಲವತ್ತೈದರ ಆಸುಪಾಸಿನಲ್ಲೇ ಮರೆವು ಶುರು. ಡೌನ್ ಸಿಂಡ್ರೋಮ್ ಇರುವವರಲ್ಲೂ ಇದು ಬೇಗ ಬರುತ್ತದೆ. ಎಪಿಪಿ ಜೀನು ಇರುವುದು ಇಪ್ಪತ್ತೊಂದನೆಯ ವರ್ಣತಂತುವಿನಲ್ಲಿ, ಅವರಲ್ಲಿ ಆ ವರ್ಣತಂತು ಎರಡರ ಬದಲು ಮೂರು. ಅಮಿಲಾಯ್ಡ್ ಅಷ್ಟು ಹೆಚ್ಚು ತಯಾರಾಗುತ್ತದೆ. ನಿಮ್ಮ ಅಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಬಂದದ್ದು. ಮನೆಯಲ್ಲಿ ಬೇರೆ ಯಾರಿಗೂ ಚಿಕ್ಕ ಪ್ರಾಯದಲ್ಲಿ ಬಂದಿಲ್ಲ ಅಂತೀರಿ. ಇದು ಆ ಜಾತಿಯದ್ದಲ್ಲ.

— ರಕ್ತದಲ್ಲಿ ಬರುವಂಥದ್ದು ಅಂತ ಅಕ್ಕ ಹೆದರಿ ಕೂತಿದ್ದಾಳೆ. ಅವಳ ಮಗಳಿಗೆ ಸಂಬಂಧ ನೋಡ್ತಾ ಇದ್ದಾರೆ. ಹೊರಗೆ ಯಾರಿಗೂ ಹೇಳಬೇಡ ಅಂತಾಳೆ.

— ಅಕ್ಕನಿಗೆ ಧೈರ್ಯವಾಗಿ ಹೇಳಿ. ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು, ಅದು ನಿಜ. ಎಪಿಒಇ ಅಂತ ಒಂದು ಜೀನು ಇದೆ. ಅದರ ನಾಲ್ಕನೆಯ ಬಗೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೆ ಅಪಾಯ ಎರಡು ಮೂರು ಪಾಲು, ಇಬ್ಬರಿಂದಲೂ ಬಂದರೆ ಇನ್ನೂ ಜಾಸ್ತಿ. ಆದರೆ ಅದು ಇದ್ದೂ ರೋಗ ಬಾರದವರು ಬಹಳ, ಇಲ್ಲದೆಯೂ ರೋಗ ಬಂದವರು ಬಹಳ. ಮೊಮ್ಮಗಳ ಮದುವೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬಚ್ಚಿಟ್ಟರೆ ಅಮ್ಮನನ್ನು ನೋಡಲು ಬರುವವರೂ ನಿಂತುಹೋಗುತ್ತಾರೆ, ಅಷ್ಟೇ ಆಗುವುದು.

— ಇನ್ನೊಂದು ಕೇಳುದುಂಟು. ನೀವು ನಗಬಾರದು.

— ಹೇಳಿ.

— ನಮ್ಮದು ಮೂಲದಲ್ಲಿ ಇದೇ ಪಣಂಬೂರು. ಬಂದರು ಮಾಡುವಾಗ ಜಾಗ ಹೋಯಿತು. ಊರಿಗೆ ಊರೇ ಎದ್ದು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಹೋದದ್ದು. ಅಮ್ಮ ಆಗ ಹುಡುಗಿ. ಮನೆ, ಬಾವಿ, ತೆಂಗಿನ ತೋಟ ಎಲ್ಲ ಅಗೆದು ನೀರು ಬಿಟ್ಟರಲ್ಲ, ಈಗ ಅಲ್ಲಿ ಹಡಗು ನಿಲ್ಲುತ್ತದೆ. ಅಮ್ಮ ಆ ವಿಷಯ ನಮ್ಮ ಹತ್ತಿರ ಮಾತಾಡಿದ್ದೇ ಇಲ್ಲ. ಈಗ ದಿನಾ ಸಂಜೆ ಆರು ಗಂಟೆಗೆ ಸೀರೆ ಸರಿ ಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮನೆಗೆ ಹೋಗ್ತೇನೆ ಅಂತಾರೆ. ಯಾವ ಮನೆ ಅಮ್ಮ ಅಂದರೆ ನಂದನೇಶ್ವರ ದೇವಸ್ಥಾನದಿಂದ ಹೇಗೆ ಹೋಗಬೇಕು ಅಂತ ದಾರಿ ಹೇಳುತ್ತಾರೆ, ಎಡಕ್ಕೆ ಬಲಕ್ಕೆ ಅಂತ. ಆ ದುಃಖ ಒಳಗೆ ಇಟ್ಟುಕೊಂಡೇ ಹೀಗಾಯಿತು ಅಂತ ನನಗೆ ಅನಿಸುತ್ತದೆ.

— ನಗುವ ಮಾತೇ ಅಲ್ಲ ಇದು. ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರು ಅಂತ ಘೋಷಣೆಯಾಗಿ, 1975ರಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ್ದು ಎಲ್ಲರಿಗೂ ನೆನಪಿದೆ. ಎದ್ದು ಹೋದವರ ಮನಸ್ಸಿನಲ್ಲಿ ಏನಾಯಿತು ಅಂತ ಕೇಳಿದವರು ಕಡಿಮೆ. ಆದರೂ ನಾನು ಎರಡು ವಿಷಯವನ್ನು ಬೇರೆ ಮಾಡಿ ಹೇಳಬೇಕು. ಅವರು ಹಳೇ ಮನೆ ಕೇಳುವುದು ರೋಗದ ಲಕ್ಷಣ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ಕಾಟಿಪಳ್ಳದ ಐವತ್ತು ವರ್ಷ ಮಸುಕಾಗಿ, ಬಾಲ್ಯದ ಮನೆಯೇ ಮನೆಯಾಗಿ ಉಳಿದಿದೆ. ಅದು ಕಾರಣ ಅಲ್ಲ, ಪರಿಣಾಮ. ಇನ್ನು ದುಃಖದ ಪ್ರಶ್ನೆ. ವರ್ಷಗಟ್ಟಲೆ ಚಿಕಿತ್ಸೆ ಇಲ್ಲದ ಖಿನ್ನತೆ ಈ ರೋಗದ ಅಪಾಯಗಳಲ್ಲಿ ಒಂದು. ನಡುವಯಸ್ಸಿನಲ್ಲಿ ಅವರು ಊಟ ನಿದ್ದೆ ಬಿಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದದ್ದುಂಟಾ?

— ಇಲ್ಲ. ಕೆಲಸ ಮಾಡ್ತಾ ಪಾಡ್ದನ ಹೇಳ್ತಿದ್ದರು, ಗಟ್ಟಿ ಸ್ವರದಲ್ಲಿ.

— ಹಾಗಾದರೆ ಊರು ಬಿಟ್ಟ ದುಃಖಕ್ಕೆ ಈ ರೋಗವನ್ನು ಗಂಟು ಹಾಕಬೇಡಿ. ಆ ದುಃಖ ದುಃಖವಾಗಿಯೇ ದೊಡ್ಡದು, ರೋಗದ ಪುರಾವೆ ಅದಕ್ಕೆ ಬೇಡ. ಸಂಜೆ ಹೊರಟಾಗ ಇಲ್ಲ ಅನ್ನಬೇಡಿ. ಜತೆಗೆ ನಾಲ್ಕು ಹೆಜ್ಜೆ ಹೋಗಿ, ಆ ಮನೆಯ ಬಾವಿಯ ಬಗ್ಗೆ ಕೇಳಿ, ತಿರುಗಿ ಬನ್ನಿ.

— ಆಯ್ತು. ನೀವು ಆಗಲೇ ಪಟ್ಟಿ ಅಂದಿರಿ. ಅದರಲ್ಲಿ ಬೇರೆ ಏನೇನು ಉಂಟು?

— 2024ರಲ್ಲಿ ಲ್ಯಾನ್ಸೆಟ್ ಆಯೋಗ ಹದಿನಾಲ್ಕು ಹೆಸರು ಕೊಟ್ಟಿತು, ಆಲ್ಝೈಮರ್ ಒಂದಕ್ಕೇ ಅಲ್ಲ, ಎಲ್ಲ ಬಗೆಯ ಡಿಮೆನ್ಶಿಯಾಕ್ಕೂ ಸೇರಿಸಿ. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಧೂಮಪಾನ, ವಿಪರೀತ ಕುಡಿತ, ಮೈಗೆ ಶ್ರಮ ಇಲ್ಲದಿರುವುದು, ಖಿನ್ನತೆ, ತಲೆಗೆ ಪೆಟ್ಟು, ಕೆಟ್ಟ ಗಾಳಿ, ಒಂಟಿತನ, ಕಿವಿ ಕೇಳಿಸದಿರುವುದು, ಕಣ್ಣು ಕಾಣದಿರುವುದು, ಮತ್ತೆ ಬಾಲ್ಯದಲ್ಲಿ ಶಾಲೆ ಇಲ್ಲದಿರುವುದು. ಇವೆಲ್ಲ ಇಲ್ಲವಾದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ನೂರಕ್ಕೆ ನಲವತ್ತೈದನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ಉಳಿದದ್ದು ವಯಸ್ಸು, ಜೀನು, ಮತ್ತು ಇನ್ನೂ ಬಿಡಿಸಲಾಗದ ಸಂಗತಿಗಳು.

— ಶಾಲೆಗೆ ಹೋಗದಿದ್ದರೆ ರೋಗ ಬರುತ್ತದಾ? ಅದು ಹೇಗೆ ಮಾರಾಯ್ರೇ? ಅಮ್ಮ ಮೂರನೇ ಕ್ಲಾಸಿಗೆ ಬಿಟ್ಟವರು.

— ಮಳೆಗಾಲದ ಆಟಿ ತಿಂಗಳಿಗೆ ಅಂತ ಕೂಡಿಡುವ ಅಕ್ಕಿಮುಡಿ ನೆನಪು ಮಾಡಿಕೊಳ್ಳಿ. ಎರಡು ಮನೆ ಉಂಟು, ಎರಡರಲ್ಲೂ ಅಟ್ಟದ ಅಕ್ಕಿಯನ್ನು ಇಲಿ ಒಂದೇ ಲೆಕ್ಕದಲ್ಲಿ ತಿನ್ನುತ್ತಿದೆ. ಹತ್ತು ಮುಡಿ ಕಟ್ಟಿಟ್ಟ ಮನೆಗೆ ಕೊರತೆ ಕಾಣುವಾಗ ಆಟಿ ಕಳೆದೇ ಹೋಗಿರುತ್ತದೆ, ಎರಡೇ ಮುಡಿ ಇದ್ದ ಮನೆಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಶಾಲೆ, ಓದು, ತಲೆ ಉಪಯೋಗಿಸುವ ಕೆಲಸ, ಜನರೊಂದಿಗೆ ಒಡನಾಟ, ಇವೆಲ್ಲ ಮಿದುಳಿನಲ್ಲಿ ಕಟ್ಟಿಡುವ ದಾಸ್ತಾನು. ಅಮೆರಿಕದಲ್ಲಿ 1986ರಿಂದ 678 ಕ್ರೈಸ್ತ ಸನ್ಯಾಸಿನಿಯರನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿ, ಸತ್ತ ಮೇಲೆ ಅವರ ಮಿದುಳನ್ನೂ ನೋಡಿದರು. ಕೆಲವರ ಮಿದುಳಿನ ತುಂಬ ಆಲ್ಝೈಮರ್‌ನ ಗುರುತು, ಬದುಕಿದ್ದಾಗ ಮಾತ್ರ ಬುದ್ಧಿ ಚುರುಕು. ದಾಸ್ತಾನು ಅಂದರೆ ಅದು.

— ಮೂರನೇ ಕ್ಲಾಸಿಗೆ ಬಿಡಿಸಿದ್ದು ಅಮ್ಮನ ತಪ್ಪಲ್ಲ. ತಮ್ಮಂದಿರನ್ನು ನೋಡಿಕೊಳ್ಳಲಿಕ್ಕೆ ಬಿಡಿಸಿದ್ದು. ತಮ್ಮಂದಿರು ಎಲ್ಲ ಓದಿದರು.

— ಅದೇ ನನಗೂ ಸಿಟ್ಟು ಬರುವ ವಿಷಯ. ಬದಲಿಸಬಹುದಾದ ಅಪಾಯ ಅಂತ ಪುಸ್ತಕದಲ್ಲಿ ಬರೆಯುತ್ತೇವೆ. ಬದಲಿಸುವವರು ಯಾರು? ಏಳು ವರ್ಷದ ಹುಡುಗಿಯಾ? ಗಾಳಿಯನ್ನು ಬೀಡಿ ಕಟ್ಟುವ ಹೆಂಗಸು ಶುದ್ಧ ಮಾಡಬೇಕಾ? ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳೂವರೆಯಷ್ಟು ಜನರಿಗೆ ಡಿಮೆನ್ಶಿಯಾ ಇದೆ ಅಂತ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜು, ಹತ್ತಿರ ಹತ್ತಿರ 88 ಲಕ್ಷ ಜನ. ಗಂಡಸರಲ್ಲಿ ನೂರಕ್ಕೆ ಆರರ ಹತ್ತಿರ, ಹೆಂಗಸರಲ್ಲಿ ಒಂಬತ್ತು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ ಎಂಬುದೂ ಒಂದು ಕಾರಣ, ಆದರೆ ಅಷ್ಟೇ ಅಲ್ಲ. ಹುಡುಗಿಯರನ್ನು ಶಾಲೆ ಬಿಡಿಸಿದ ಒಂದು ತಲೆಮಾರಿನ ಲೆಕ್ಕ ಅಲ್ಲಿ ಕಾಣುತ್ತಿದೆ. ಹೆಣ್ಣುಮಕ್ಕಳ ಹೈಸ್ಕೂಲು ಅಂದರೆ ಅರವತ್ತು ವರ್ಷ ಆಮೇಲಿನ ಮಿದುಳಿನ ಔಷಧ. ಇದನ್ನು ನಾನು ಯಾವ ವೇದಿಕೆಯಲ್ಲಿ ಬೇಕಾದರೂ ಹೇಳುತ್ತೇನೆ.

— ಆದರೆ ಅಮ್ಮ ದಡ್ಡಿ ಆಗಿರಲಿಲ್ಲ ಡಾಕ್ಟ್ರೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತ ಕನ್ನಡ, ಕಾಟಿಪಳ್ಳದಲ್ಲಿ ನೆರೆಯವರ ಜತೆ ಬ್ಯಾರಿ ಭಾಷೆ, ಮೀನು ತರುವ ಹೆಂಗಸಿನ ಜತೆ ಕೊಂಕಣಿ. ನಾಲ್ಕೂ ಮಾತಾಡುತ್ತಿದ್ದರು. ಈಗ ತುಳು ಒಂದೇ ಉಳಿದಿದೆ. ನನ್ನ ಮಗ ಬೆಂಗಳೂರಿನಿಂದ ಬಂದು ಕನ್ನಡದಲ್ಲಿ ಮಾತಾಡಿಸಿದರೆ ಮುಖ ನೋಡುತ್ತಾ ಕೂರುತ್ತಾರೆ.

— ದಡ್ಡಿ ಅಂತ ನಾನೂ ಹೇಳಲಿಲ್ಲ. ಇದೂ ದಾಸ್ತಾನೇ, ಶಾಲೆ ಕೊಡದ ದಾಸ್ತಾನು. ಸುವರ್ಣಾ ಅಲ್ಲಾಡಿ ಅಂತ ನರರೋಗ ತಜ್ಞೆ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾರೆ. ಹಿಂದೆ ಹೈದರಾಬಾದಿನ ನಿಮ್ಸ್‌ನಲ್ಲಿದ್ದಾಗ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು. 2013ರಲ್ಲಿ ಅದು ಪ್ರಕಟವಾಯಿತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ಆ ಚರ್ಚೆ ನಡೆಯುತ್ತಲೇ ಇದೆ. ಆದರೆ ಪೇಟೆಗೆ ಹೋಗಿ ಬರುವುದರೊಳಗೆ ಮೂರು ಭಾಷೆ ಬದಲಾಯಿಸುವ ನಮ್ಮ ಕರಾವಳಿಯವರಿಗೆ ಈ ವಿಷಯದಲ್ಲಿ ಆಸಕ್ತಿ ಇರಲೇಬೇಕು. ಮೊಮ್ಮಗನಿಗೆ ತುಳು ಬರುತ್ತದಾ?

— ಅರ್ಥ ಆಗುತ್ತದೆ. ಮಾತಾಡುದಿಲ್ಲ.

— ಮಾತಾಡಲಿ. ಅಜ್ಜಿಗಾಗಿ ಕಲಿಯಲಿ. ಅಂದ ಹಾಗೆ, ಮುಖ ನೋಡುತ್ತಾ ಕೂರುತ್ತಾರೆ ಅಂದಿರಿ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತದಾ?

— ಇಲ್ಲ. ಹತ್ತು ಹನ್ನೆರಡು ವರ್ಷ ಆಯ್ತು. ಮೊದಮೊದಲು ಟಿವಿ ಜೋರಾಗಿ ಇಡುತ್ತಿದ್ದರು. ಆಮೇಲೆ ಟಿವಿಯ ಹತ್ತಿರ ಬರುದನ್ನೇ ಬಿಟ್ಟರು. ಮಿಷನ್ ತಂದದ್ದುಂಟು. ಬರೇ ಗುಂಯ್ ಅಂತ ಕೇಳ್ತದೆ ಅಂತ ತೆಗೆದು ಡಬ್ಬಿಯಲ್ಲಿ ಇಟ್ಟರು.

— ಬಹಳ ಮನೆಗಳಲ್ಲಿ ಆಗುವುದು ಅದೇ. ಕಿವಿಯ ಮಿಷನ್ ಅಂದರೆ ಒಮ್ಮೆ ತಂದು ಸಿಕ್ಕಿಸಿದರೆ ಮುಗಿಯಿತು ಅಂತ ಅಲ್ಲ. ಯಾವ ಸ್ವರ ಎಷ್ಟು ಕೇಳಿಸುವುದಿಲ್ಲ ಅಂತ ಅಳತೆ ಮಾಡಿ, ಅದಕ್ಕೆ ತಕ್ಕ ಹಾಗೆ ಹೊಂದಿಸಿ, ಎರಡು ಮೂರು ಸಲ ಪುನಃ ಹೋಗಿ ಸರಿಪಡಿಸಿಕೊಳ್ಳಬೇಕು. ಮಿದುಳಿಗೂ ಆ ಸದ್ದು ಅಭ್ಯಾಸ ಆಗಲು ಕೆಲವು ವಾರ ಬೇಕು. ಇಷ್ಟು ಹೇಳಿಕೊಡುವವರು ಇಲ್ಲದೆ ಡಬ್ಬಿ ಸೇರುತ್ತದೆ. ಆ ಹದಿನಾಲ್ಕರ ಪಟ್ಟಿಯಲ್ಲಿ ಅತಿ ದೊಡ್ಡ ಪಾಲು ಇರುವ ಎರಡರಲ್ಲಿ ಒಂದು ಕಿವಿ, ಇನ್ನೊಂದು ಕೊಲೆಸ್ಟರಾಲ್.

— ಕಿವಿಗೂ ನೆನಪಿಗೂ ಎಂತ ಸಂಬಂಧ?

— ಮೂರು ರೀತಿ ಹೇಳುತ್ತಾರೆ. ಅರ್ಧಂಬರ್ಧ ಕೇಳಿಸಿದ ಮಾತನ್ನು ಕೂಡಿಸಿ ಅರ್ಥ ಮಾಡಿಕೊಳ್ಳುವುದಕ್ಕೇ ಮಿದುಳು ದಣಿಯುತ್ತದೆ, ನೆನಪಿಟ್ಟುಕೊಳ್ಳಲು ಶಕ್ತಿ ಉಳಿಯುವುದಿಲ್ಲ. ಸದ್ದು ಬಾರದೆ ಮಿದುಳಿನ ಆ ಭಾಗ ಸೊರಗುತ್ತದೆ ಅಂತ ಇನ್ನೊಂದು. ಮೂರನೆಯದು ನಾನು ಕಣ್ಣಾರೆ ನೋಡುವುದು. ಕಿವಿ ಕೇಳಿಸದವರ ಜತೆ ಮನೆಯವರು ಮಾತು ಕಡಿಮೆ ಮಾಡುತ್ತಾರೆ. ಎರಡು ಸಲ ಹೇಳಬೇಕಲ್ಲ ಅಂತ ಹೇಳುವುದನ್ನೇ ಬಿಡುತ್ತಾರೆ. ಊಟಕ್ಕೆ ಬನ್ನಿ, ಮಾತ್ರೆ ತಗೊಳ್ಳಿ, ಮಲಗಿ, ಅಷ್ಟೇ ಉಳಿಯುತ್ತದೆ. ಎಂಟು ಜನರ ಮನೆಯ ನಡುವಿನಲ್ಲೇ ಒಬ್ಬರು ಒಂಟಿ. ಅಮೆರಿಕದಲ್ಲಿ ಅಚೀವ್ ಅಂತ ಒಂದು ಪ್ರಯೋಗ ಮಾಡಿ 2023ರಲ್ಲಿ ಫಲಿತಾಂಶ ಕೊಟ್ಟರು. ಎಲ್ಲರನ್ನೂ ಸೇರಿಸಿ ನೋಡಿದರೆ ಕಿವಿಯ ಮಿಷನ್‌ನಿಂದ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಮೂರು ವರ್ಷದಲ್ಲಿ ಬುದ್ಧಿಶಕ್ತಿ ಇಳಿಯುವ ವೇಗ ಅರ್ಧದಷ್ಟು ತಗ್ಗಿತ್ತು. ಬಿಪಿ, ಸಕ್ಕರೆ, ಓದು ಕಡಿಮೆ, ಇಂಥವೆಲ್ಲ ಇದ್ದ ಗುಂಪು ಅದು. ನಮ್ಮ ಹಿರಿಯರಲ್ಲಿ ಹೆಚ್ಚಿನವರು ಅಂಥ ಗುಂಪಿನವರೇ. ಹಾಗಾಗಿ ನಾನು ಕಿವಿಯ ಪರೀಕ್ಷೆಯನ್ನು ಬಿಡುವುದೇ ಇಲ್ಲ.

— ನಾವು ಮಾತಾಡಿಸುದು ಕಡಿಮೆ ಮಾಡಿದ್ದರಿಂದ ಬಂತಾ ಹಾಗಾದರೆ?

— ನೋಡಿ, ಪುನಃ ಅಪರಾಧಿ ಹುಡುಕಲು ಹೊರಟಿರಿ, ಈ ಸಲ ಕನ್ನಡಿ ಹಿಡಿದು. ಹಾಗೆ ಹೇಳಲಿಕ್ಕೆ ಬರುವುದಿಲ್ಲ ಅಂತ ಹೊಗೆಯ ವಿಷಯದಲ್ಲಿ ಹೇಳಿದೆನಲ್ಲ, ನಿಮ್ಮ ವಿಷಯದಲ್ಲೂ ಅದೇ ನಿಯಮ. ಎಪ್ಪತ್ತಾರು ವರ್ಷದ ಬದುಕಿನಲ್ಲಿ ಶಾಲೆ ಬಿಟ್ಟದ್ದು ಒಂದು ಕಡೆ ಎಳೆಯಿತು, ನಾಲ್ಕು ಭಾಷೆ ಇನ್ನೊಂದು ಕಡೆ. ಅವರಿಗೆ ಬಿಪಿ ಇತ್ತಾ?

— ಐವತ್ತರಿಂದಲೂ. ಮಾತ್ರೆ ತಿನ್ನುತ್ತಿದ್ದರು, ಬಿಡುತ್ತಿದ್ದರು. ತಲೆ ತಿರುಗಿದರೆ ಮಾತ್ರ ತಿನ್ನುದು.

— ಎಲ್ಲರೂ ಕೇಳುವುದು ಪಾತ್ರೆಯ ವಿಷಯ, ಯಾರೂ ಕೇಳದ್ದು ಇದು. ನಲವತ್ತರಿಂದ ಅರವತ್ತೈದರವರೆಗಿನ ಬಿಪಿ. ಬಿಪಿ ತಲೆ ತಿರುಗಿಸಿ ಸೂಚನೆ ಕೊಡುವುದಿಲ್ಲ. ಸುಮ್ಮನೆ ಮಿದುಳಿನ ಸಣ್ಣ ರಕ್ತನಾಳಗಳನ್ನು ಗಟ್ಟಿ ಮಾಡುತ್ತಾ ಹೋಗುತ್ತದೆ. ಎಷ್ಟೋ ಹಿರಿಯರ ಮಿದುಳಿನಲ್ಲಿ ಆಲ್ಝೈಮರ್‌ನ ಗಡ್ಡೆಯೂ ಇರುತ್ತದೆ, ರಕ್ತನಾಳ ಕೆಟ್ಟ ಗಾಯವೂ ಇರುತ್ತದೆ, ಎರಡೂ ಸೇರಿ ಮರೆವು. ಗಡ್ಡೆ ಕರಗಿಸುವ ಔಷಧಕ್ಕೆ ಲಕ್ಷಗಟ್ಟಲೆ ಖರ್ಚು, ಅದೂ ತೀರಾ ಆರಂಭದಲ್ಲಿರುವ ಕೆಲವರಿಗೆ, ಸ್ವಲ್ಪ ನಿಧಾನ ಮಾಡಲು ಮಾತ್ರ. ಬಿಪಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ನಲವತ್ತು ದಾಟಿದ ಮೇಲೆ ಮೇಲಿನ ಅಂಕೆ 130ರ ಒಳಗೆ ಇರಲಿ ಅಂತ ಲ್ಯಾನ್ಸೆಟ್ ಆಯೋಗದ ಸಲಹೆ.

— ಇದೆಲ್ಲ ಹೊರದೇಶದ ಲೆಕ್ಕ ಅಲ್ವಾ? ನಮ್ಮವರಿಗೂ ಹೀಗೇನಾ?

— ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಮ್ಮ ಕೋಲಾರ ಜಿಲ್ಲೆಯಲ್ಲೇ ನಡೆಯುತ್ತಿದೆ. ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳ, ನಲವತ್ತೈದು ದಾಟಿದ, ಡಿಮೆನ್ಶಿಯಾ ಇಲ್ಲದ ಜನರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ಹಿಂಬಾಲಿಸುತ್ತಿದ್ದಾರೆ. ಹತ್ತು ಸಾವಿರ ಜನರ ಗುರಿ. ರಕ್ತ, ಜೀನು, ಮಿದುಳಿನ ಚಿತ್ರ, ನೆನಪಿನ ಪರೀಕ್ಷೆ, ಊಟ, ಕೆಲಸ, ಎಲ್ಲ ದಾಖಲಿಸುತ್ತಾರೆ. ರೋಗ ಬಂದ ಮೇಲೆ ಹಿಂದಕ್ಕೆ ತಿರುಗಿ ಯಾಕೆ ಬಂತು ಅಂತ ಕೇಳಿದರೆ ನೀವು ಈಗ ಕೇಳಿದ ಹಾಗೆ ಕೇಳಬೇಕಾಗುತ್ತದೆ, ಪಾತ್ರೆಯಾ, ಹೊಗೆಯಾ, ದುಃಖವಾ ಅಂತ. ರೋಗ ಬರುವ ಮೊದಲೇ ಜತೆಗೆ ನಡೆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಕಾಣುತ್ತದೆ. ಟೊಮೆಟೊ ಮಾವು ಬೆಳೆಯುವ ರೈತರು ತಮಗೆ ಲಾಭ ಇಲ್ಲದಿದ್ದರೂ ಬಸ್ಸು ಹತ್ತಿ ಬಂದು ಸ್ಕ್ಯಾನ್ ಯಂತ್ರದೊಳಗೆ ಮಲಗುತ್ತಾರೆ. ಅವರ ಬಗ್ಗೆ ನನಗೆ ತುಂಬ ಗೌರವ.

— ತಲೆಗೆ ಪೆಟ್ಟು ಅಂದಿರಿ. ನನ್ನ ಭಾವ ಅಡಿಕೆ ಮರದಿಂದ ಬಿದ್ದವರು. ನಾನು ಹೈವೇಯಲ್ಲಿ ಬೈಕಿನಿಂದ ಬಿದ್ದದ್ದುಂಟು, ಹೆಲ್ಮೆಟ್ ಇತ್ತು.

— ಹೆಲ್ಮೆಟ್ ಇದ್ದದ್ದಕ್ಕೆ ಸಂತೋಷ. ಪ್ರಜ್ಞೆ ತಪ್ಪುವಂಥ ಪೆಟ್ಟು, ಮತ್ತೆ ಮತ್ತೆ ಬಿದ್ದ ಪೆಟ್ಟು ಅಪಾಯ ಹೆಚ್ಚಿಸುತ್ತದೆ. ಭಾವನವರಿಗೆ ಈಗ ಏನಾದರೂ ಮರೆವು ಶುರುವಾದರೆ ತಡ ಮಾಡಬೇಡಿ. ಪೆಟ್ಟಿನ ನಂತರ ವಾರಗಳು ಕಳೆದು ಮಿದುಳಿನ ಮೇಲೆ ರಕ್ತ ಹೆಪ್ಪುಗಟ್ಟಿ ಮರೆವು ಬರುವುದುಂಟು, ಅದನ್ನು ತೆಗೆದರೆ ಗುಣವಾಗುತ್ತದೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ದೆಯ ಮಾತ್ರೆಗಳು, ಇವೂ ಆಲ್ಝೈಮರ್ ಹಾಗೆಯೇ ಕಾಣಿಸಬಹುದು. ಇವಕ್ಕೆಲ್ಲ ಪರಿಹಾರ ಉಂಟು. ಅರಳು ಮರಳು ಅಂತ ಮೂಲೆಯಲ್ಲಿ ಕೂರಿಸಿದರೆ ಗುಣವಾಗುವವರೂ ಹಾಗೇ ಉಳಿದುಬಿಡುತ್ತಾರೆ.

— ನನ್ನದು ಆ ಎಪಿಒಇ ಪರೀಕ್ಷೆ ಮಾಡಿಸುವ ಅಂತ ಇದ್ದೇನೆ. ಆನ್‌ಲೈನಿನಲ್ಲಿ ಸಿಗುತ್ತದಂತೆ, ಎಂಜಲು ಕಳಿಸಿದರೆ ಸಾಕಂತೆ.

— ಮಾಡಿಸಿ ಏನು ಮಾಡುತ್ತೀರಿ? ಇದೆ ಅಂತ ಬಂದರೆ ರಾತ್ರಿ ನಿದ್ದೆ ಹೋಗುತ್ತದೆ. ಇಲ್ಲ ಅಂತ ಬಂದರೆ ನಿಶ್ಚಿಂತೆಯಾಗಿ ಬಿಪಿ ಮಾತ್ರೆ ಬಿಡುತ್ತೀರಿ. ಎರಡರಲ್ಲೂ ನಷ್ಟ. ಫಿನ್‌ಲ್ಯಾಂಡಿನಲ್ಲಿ ಅಪಾಯ ಹೆಚ್ಚಿದ್ದ 1,260 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ವ್ಯಾಯಾಮ, ಒಳ್ಳೆಯ ಊಟ, ತಲೆಗೆ ಕೆಲಸ, ಬಿಪಿ ಸಕ್ಕರೆಯ ನಿಗಾ, ಎಲ್ಲ ಒಟ್ಟಿಗೆ ಮಾಡಿಸಿದರು. 2015ರಲ್ಲಿ ಫಲಿತಾಂಶ ಬಂತು, ಆ ಗುಂಪಿನ ಬುದ್ಧಿಶಕ್ತಿ ಚೆನ್ನಾಗಿ ಉಳಿದಿತ್ತು. ಆ ನಾಲ್ಕು ಕೆಲಸಕ್ಕೆ ನಿಮ್ಮ ಜೀನು ಯಾವುದು ಅಂತ ಗೊತ್ತಾಗಬೇಕಾಗಿಲ್ಲ. ನಿಮ್ಮ ಬಿಪಿ ಎಷ್ಟು?

— ಮೊನ್ನೆ ಕಂಪೆನಿಯ ತಪಾಸಣೆಯಲ್ಲಿ ನೂರೈವತ್ತು ಅಂತ ಇತ್ತು. ಟೆನ್ಶನ್ ಇತ್ತು ಅಂತ...

— ಅದೇ ನಿಮ್ಮ ಪರೀಕ್ಷೆಯ ಫಲಿತಾಂಶ. ಅಕ್ಕನದ್ದು?

— ಅಕ್ಕನದ್ದು ಯಾರು ನೋಡುದು? ಅವಳು ಅಮ್ಮನನ್ನು ಬಿಟ್ಟು ಎಲ್ಲಿಗೂ ಹೋಗುದಿಲ್ಲ. ಮಹಿಳಾ ಮಂಡಲಿಗೆ ಹೋಗುತ್ತಿದ್ದಳು, ಭಜನೆಗೆ ಹೋಗುತ್ತಿದ್ದಳು, ಎಲ್ಲ ಬಿಟ್ಟಳು. ರಾತ್ರಿ ಅಮ್ಮ ಏಳುತ್ತಾರಲ್ಲ, ಅವಳಿಗೂ ನಿದ್ದೆ ಇಲ್ಲ. ಮೊದಲು ಉದಯವಾಣಿ ಪೂರ್ತಿ ಓದುತ್ತಿದ್ದಳು. ಈಗ ಕಣ್ಣು ಮಂಜು ಅಂತ ಹಾಗೇ ಬೀಡಿಯ ಪೇಪರಿಗೆ ಹಾಕುತ್ತಾಳೆ.

— ಈಗ ಹೇಳಿದ್ದನ್ನು ಆ ಹದಿನಾಲ್ಕರ ಪಕ್ಕ ಇಟ್ಟು ನೋಡಿ. ಮನೆಯಿಂದ ಹೊರಗೆ ಹೋಗುವುದಿಲ್ಲ, ಜನರ ಜತೆ ಮಾತಿಲ್ಲ, ಕಣ್ಣು ಮಂಜು, ಬಿಪಿ ಯಾರೂ ನೋಡಿಲ್ಲ. ರಕ್ತದಲ್ಲಿ ಬರುತ್ತದೆ ಅಂತ ಅವರು ಹೆದರಿದ್ದಾರೆ. ಅವರ ಅಪಾಯ ಹೆಚ್ಚಾಗುತ್ತಿರುವುದು ಅಮ್ಮನ ಜೀನಿನಿಂದ ಅಲ್ಲ, ಅಮ್ಮನ ಆರೈಕೆಯನ್ನು ಒಬ್ಬರ ತಲೆಯ ಮೇಲೆ ಹಾಕಿದ್ದರಿಂದ. ವಯಸ್ಸೆಷ್ಟು ಅಕ್ಕನಿಗೆ?

— ಐವತ್ತಾರು.

— ಸರಿಯಾದ ವಯಸ್ಸು. ಅಮ್ಮನ ವಿಷಯದಲ್ಲಿ ನಾವು ಹಿಂದಕ್ಕೆ ಹೋಗಲು ಆಗುವುದಿಲ್ಲ, ಅಕ್ಕನ ವಿಷಯದಲ್ಲಿ ಇನ್ನೂ ಇಪ್ಪತ್ತು ವರ್ಷ ಉಂಟು. ವಾರದಲ್ಲಿ ಎರಡು ಸಂಜೆ ನೀವು ಅಮ್ಮನ ಜತೆ ಕೂರಬಹುದಾ?

— ಸೆಕೆಂಡ್ ಶಿಫ್ಟ್ ಇಲ್ಲದ ವಾರ ಕೂರಬಹುದು. ಉಳಿದ ವಾರ ಹೆಂಡತಿಗೆ ಹೇಳುತ್ತೇನೆ.

— ಹೇಳುವುದಲ್ಲ, ಕೇಳಿ. ಅವರಿಗೂ ಒಂದು ವಯಸ್ಸು, ಒಂದು ಬಿಪಿ ಇರುತ್ತದೆ. ಸೋಮವಾರ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಬನ್ನಿ, ಕಣ್ಣು, ಬಿಪಿ, ಸಕ್ಕರೆ ಮೂರೂ ನೋಡುವ. ಅಮ್ಮನ ಕಿವಿಯ ಮಿಷನ್ ಡಬ್ಬಿ ಸಮೇತ ತನ್ನಿ. ಯಾವ ಕಂಪೆನಿಯದ್ದು ಅಂತ ನೋಡಿ ಪುನಃ ಹೊಂದಿಸಲು ಆಗುತ್ತದಾ ಅಂತ ಕೇಳುವ.

— ಬ್ಯಾಟರಿ ಹೋಗಿರಬಹುದು ಡಾಕ್ಟ್ರೇ. ಹತ್ತು ವರ್ಷ ಆಯ್ತು.

— ಬ್ಯಾಟರಿ ಹೊಸತು ಹಾಕಿಸುವ. ನೀವು ಡಬ್ಬಿ ತನ್ನಿ.